ಶನಿವಾರದ ಗಾಣಿಗರು

ಸಿ.ಎಸ್.ಎಂ.ಟಿ.ಯಿಂದ, ಅಂದರೆ ಹಳಬರ ಬಾಯಲ್ಲಿ ಇಂದಿಗೂ ವಿ.ಟಿ.ಯಿಂದ, ಹೊರಟ ಲೋಕಲ್ ಗಾಡಿ ಮೊದಲು ನಿಲ್ಲುವುದು ಮಸ್ಜಿದ್ ಸ್ಟೇಷನ್ನಿನಲ್ಲಿ. ಮುಂಬಯಿಗೆ ಬಂದ ಹೊಸದರಲ್ಲಿ ನಾವು ಈ ಹೆಸರು ಹತ್ತಿರದ ಯಾವುದೋ ಮಸೀದಿಯಿಂದ ಬಂದಿರಬೇಕೆಂದು ತಿಳಿದಿದ್ದೆವು. ಆದರೆ ಊರಿನ ಹಳಬರು ಹೇಳುವುದೇ ಬೇರೆ. ಸ್ಟೇಷನ್ನಿನ ಸಮೀಪದ ಸ್ಯಾಮ್ಯುಯೆಲ್ ಸ್ಟ್ರೀಟಿನಲ್ಲಿ ಯಹೂದಿಗಳ ಒಂದು ಪ್ರಾರ್ಥನಾಮಂದಿರವಿದೆ. ಅದನ್ನು ಜನ ‘ಜುನೀ ಮಶೀದ್’, ಅಂದರೆ ಹಳೆಯ ಮಸೀದಿ ಎಂದು ಕರೆಯುತ್ತಿದ್ದರು. ಸ್ಟೇಷನ್ನಿಗೆ ಅದೇ ಹೆಸರು ನಿಂತಿತು ಎಂಬುದು ಅವರ ಮಾತು.

ಈ ಮಂದಿರವನ್ನು 1796ರಲ್ಲಿ ಕಟ್ಟಿಸಿದವರು ಸ್ಯಾಮ್ಯುಯೆಲ್ ದಿವೇಕರ್. ಇವರ ಕಥೆಯಲ್ಲಿ ನಮ್ಮ ನಾಡಿನ ಸಂಬಂಧವೂ ಇದೆ. ಕಂಪನಿಯ ಮುಂಬಯಿ ದಂಡಿನಲ್ಲಿದ್ದ ದಿವೇಕರರು ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಕೈಗೆ ಸೆರೆಸಿಕ್ಕರು. ಅವರ ಸಮಾಜದಲ್ಲಿ ಹೇಳಿಕೊಂಡು ಬಂದಂತೆ, ಸೆರೆಯಾಳುಗಳು ತಮ್ಮನ್ನು ‘ಬೆನೆ ಇಸ್ರಾಯೇಲ್’ ಎಂದು ಹೇಳಿಕೊಂಡಾಗ ಟಿಪ್ಪುವಿನ ತಾಯಿ, ಕುರಾನಿನಲ್ಲಿ ಹೆಸರು ಬರುವ ಈ ಜನವನ್ನು ಇದುವರೆಗೆ ಕಣ್ಣಾರೆ ಕಂಡಿರಲಿಲ್ಲ, ಇವರನ್ನು ಉಳಿಸು ಎಂದು ಮಗನನ್ನು ಕೇಳಿಕೊಂಡರಂತೆ. ಜೀವಂತ ಮರಳಿದ ದಿವೇಕರರು ಹರಕೆ ತೀರಿಸಲು ಮಂದಿರ ಕಟ್ಟಿಸಿದರು. ತೋರಾ ಗ್ರಂಥದ ಸುರುಳಿ ತರಲೆಂದು ಕೊಚ್ಚಿಗೆ ಹೋದವರು 1797ರಲ್ಲಿ ಅಲ್ಲಿಯೇ ತೀರಿಕೊಂಡರು. ಮಂದಿರವು 1860ರಲ್ಲಿ ಈಗಿರುವ ಜಾಗಕ್ಕೆ ಬಂತು.

ಗ್ರಂಥ ತರಲು ಕೊಚ್ಚಿಗೆ ಏಕೆ ಹೋಗಬೇಕಾಯಿತು? ಇವರ ಬಳಿ ಇರಲಿಲ್ಲವೆ? ಇರಲಿಲ್ಲ. ಎಷ್ಟೋ ಶತಮಾನಗಳ ಕಾಲ ಇವರು ಗ್ರಂಥವಿಲ್ಲದೆ, ಪುರೋಹಿತರಿಲ್ಲದೆ, ನಿತ್ಯದ ನಡವಳಿಕೆಯೊಂದನ್ನೇ ಹಿಡಿದುಕೊಂಡು ಯಹೂದಿಗಳಾಗಿ ಉಳಿದವರು.

ಇವರ ಪರಂಪರೆಯ ಪ್ರಕಾರ ಪೂರ್ವಜರ ಹಡಗು ಅಲೀಬಾಗಿನ ಹತ್ತಿರ ನವಗಾಂವ್ ಎಂಬಲ್ಲಿ ಒಡೆಯಿತು. ಏಳು ಗಂಡಸರು, ಏಳು ಹೆಂಗಸರು ದಡ ಸೇರಿದರು, ಗ್ರಂಥಗಳು ಸಮುದ್ರಪಾಲಾದವು. ಇದು ಯಾವ ಕಾಲದ ಮಾತೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಉಳಿದವರು ಕೊಂಕಣದ ಹಳ್ಳಿಗಳಲ್ಲಿ ಹರಡಿಕೊಂಡರು; ದಿವೆಯವರು ದಿವೇಕರ್, ಕೆಹೀಮಿನವರು ಕೆಹೀಮ್‌ಕರ್, ಪೇಣಿನವರು ಪೇಣ್‌ಕರ್ ಆದರು. ಮಾತು ಮರಾಠಿ, ಉಡುಗೆ ಅಲ್ಲಿಯದೇ, ಕಸುಬು ಗಾಣ ತಿರುಗಿಸಿ ಎಣ್ಣೆ ತೆಗೆಯುವುದು. ಊರವರು ಇವರಿಗೆ ಇಟ್ಟ ಹೆಸರು ‘ಶನಿವಾರ ತೇಲಿ’, ಶನಿವಾರದ ಗಾಣಿಗರು. ಸೋಮವಾರ ಗಾಣ ನಿಲ್ಲಿಸುವ ‘ಸೋಮವಾರ ತೇಲಿ’ಗಳು ಬೇರೆ ಇದ್ದರು. ಸೋಮವಾರ ಬಸವಣ್ಣನಿಗೆ ನೊಗ ಹೂಡಬಾರದೆಂಬ ಕಟ್ಟಳೆ ನಮ್ಮ ಬಯಲುಸೀಮೆಯ ರೈತರಲ್ಲಿಯೂ ಇದೆಯಲ್ಲ; ಹಾಗಾಗಿ ವಾರಕ್ಕೊಂದು ದಿನ ಎತ್ತು ಬಿಚ್ಚುವುದು ಕೊಂಕಣದವರಿಗೆ ವಿಚಿತ್ರವಾಗಿ ಕಂಡಿರಲಾರದು. ವಾರ ಬೇರೆ, ಅಷ್ಟೆ.

ಯಹೂದಿ ಧರ್ಮಶಾಸ್ತ್ರದಲ್ಲಿ ಶನಿವಾರದ ವಿಶ್ರಾಂತಿ ಎಂದರೆ ಸುಮ್ಮನೆ ಮಲಗುವುದಲ್ಲ. ಆ ದಿನ ಮಾಡಬಾರದ ಕೆಲಸಗಳನ್ನು ಅವರ ಪಂಡಿತರು 39 ಬಗೆಯಾಗಿ ವಿಂಗಡಿಸಿದ್ದಾರೆ. ಉಳುವುದು, ಒಕ್ಕುವುದು, ನೇಯುವುದು, ಬೆಂಕಿ ಹೊತ್ತಿಸುವುದು, ಆರಿಸುವುದು ಹೀಗೆ. ಕಾಯಿಯನ್ನೋ ಹಣ್ಣನ್ನೋ ಹಿಂಡಿ ಎಣ್ಣೆ, ರಸ ತೆಗೆಯುವುದು ಒಕ್ಕುವ ಕೆಲಸದ ಜಾತಿಗೆ ಸೇರುತ್ತದೆ. ಮನೆಯ ಆಳಿಗೂ ದನಕ್ಕೂ ಅಂದು ಬಿಡುವು ಕೊಡಬೇಕೆಂಬುದು ದಶಾಜ್ಞೆಗಳಲ್ಲಿಯೇ ಇದೆ. ಕೊಂಕಣದ ಗಾಣಿಗನಿಗೆ ಈ 39ರ ಪಟ್ಟಿ ಗೊತ್ತಿರಲಿಲ್ಲ. ಆದರೂ ಶುಕ್ರವಾರ ಸಂಜೆ ಹೊತ್ತು ಮುಳುಗಿತೆಂದರೆ ಅವನ ಗಾಣ ನಿಲ್ಲುತ್ತಿತ್ತು, ಎತ್ತು ಕೊಟ್ಟಿಗೆ ಸೇರುತ್ತಿತ್ತು. (ಅವರ ಲೆಕ್ಕದಲ್ಲಿ ದಿನ ಆರಂಭವಾಗುವುದು ಸೂರ್ಯಾಸ್ತದಿಂದ.)

ಇನ್ನು ಹಬ್ಬಗಳು. ಇದೇ ಸಮಾಜದ ಹಾಯೀಮ್ ಸ್ಯಾಮ್ಯುಯೆಲ್ ಕೆಹೀಮ್‌ಕರ್ ಎಂಬವರು 1897ರಲ್ಲಿ ಬರೆದು ಮುಗಿಸಿ, 1937ರಲ್ಲಿ ಅಚ್ಚಾದ ಇತಿಹಾಸ ಗ್ರಂಥದಲ್ಲಿ ಹಳೆಯ ಮರಾಠಿ ಹೆಸರುಗಳನ್ನು ಕೊಟ್ಟಿದ್ದಾರೆ. ಹೊಸ ವರ್ಷ ‘ನವ್ಯಾಚಾ ಸಣ’. ಪ್ರಾಯಶ್ಚಿತ್ತದ ಮಹಾ ಉಪವಾಸಕ್ಕೆ ‘ದಾರ್‌ಫಾಳ್ಣಿಚಾ ಸಣ’, ಬಾಗಿಲು ಮುಚ್ಚುವ ಹಬ್ಬ. ಅಂದು ಬಿಳಿಬಟ್ಟೆ ಉಟ್ಟು ಮನೆಯೊಳಗೇ ಇರುತ್ತಿದ್ದರು. ಅದರ ಮರುದಿನ ‘ಶಿಳಾ ಸಣ’, ನಮ್ಮ ಮಾತಿನಲ್ಲಿ ತಂಗಳ ಹಬ್ಬ. ಜೆರೂಸಲೇಮಿನ ದೇವಾಲಯ ನಾಶವಾದ ಶೋಕದ ದಿನಕ್ಕೆ ‘ಬಿರ್ಡ್ಯಾಚಾ ಸಣ’. ಬಿರ್ಡೆ ಎಂದರೆ ಮೊಳಕೆ ಬರಿಸಿ ಸಿಪ್ಪೆ ತೆಗೆದ ಅವರೆಯ ಪಲ್ಯ. ನಮ್ಮ ಹಿತಕಿದವರೆಗೆ ಹತ್ತಿರದ್ದು. ಯಾವ ದೇವಾಲಯ, ಯಾರು ಕೆಡವಿದರು ಎಂಬ ಚರಿತ್ರೆ ಮರೆತುಹೋಗಿ ಅಂದಿನ ಅಡುಗೆ ಮಾತ್ರ ಉಳಿದಿತ್ತು.

ಎಲ್ಲಕ್ಕಿಂತ ಸೋಜಿಗವೆಂದು ನಮಗೆ ತೋರಿದ್ದು ‘ಅನಾಶಿ ಢಾಕಾಚಾ ಸಣ’, ಹುಳಿರಸದ ಗಡಿಗೆಯ ಬಾಯಿ ಮುಚ್ಚುವ ಹಬ್ಬ. ಇದು ಬರುವುದು ಯಹೂದಿಗಳ ಪಾಸ್ಕ ಹಬ್ಬದ ಕಾಲದಲ್ಲಿ. ಪೂರ್ವಿಕರು ಈಜಿಪ್ಟಿನಿಂದ ಅವಸರದಲ್ಲಿ ಹೊರಟಾಗ ಹಿಟ್ಟು ಹುಳಿಯಲು ಪುರಸೊತ್ತಿರಲಿಲ್ಲವೆಂಬ ನೆನಪಿಗೆ ಅಂದು ಹುದುಗು ಬಂದ ಹಿಟ್ಟು ಮನೆಯಲ್ಲಿಯೇ ಇರಬಾರದು. ನೀರು ಸೋಂಕಿದ ಗೋಧಿ ಹಿಟ್ಟನ್ನು 18 ನಿಮಿಷದೊಳಗೆ ಬೇಯಿಸಿ ರೊಟ್ಟಿ ಮಾಡಬೇಕು. ನಿಷೇಧವಿರುವುದು ಗೋಧಿ, ಬಾರ್ಲಿ ಮೊದಲಾದ ಐದು ಧಾನ್ಯಗಳಿಗೆ ಮಾತ್ರ. ಅಕ್ಕಿ ಆ ಪಟ್ಟಿಯಲ್ಲಿಲ್ಲ. ಯೂರೋಪಿನ ಯಹೂದಿಗಳು ಅದನ್ನೂ ಬಿಡುತ್ತಾರೆ, ಬೆನೆ ಇಸ್ರಾಯೇಲರು ಉಣ್ಣುತ್ತಾರೆ. (ನಮ್ಮ ಮನೆಯವರು ಕೂಡಲೇ ಕೇಳಿದ ಪ್ರಶ್ನೆ, ಹಾಗಾದರೆ ಇಡ್ಲಿ ಹಿಟ್ಟು ನಡೆಯುತ್ತದೆಯೆ ಎಂದು. ಶಾಸ್ತ್ರದ ಮೂಲ ನಿಯಮ ನೋಡಿದರೆ ಅಕ್ಕಿ, ಉದ್ದು ಎಷ್ಟು ಉಬ್ಬಿದರೂ ಆ ದೋಷ ಬರಲಾರದು.) ಕೊಂಕಣದಲ್ಲಿ ಈಜಿಪ್ಟು ಮರೆತುಹೋಯಿತು, ರೊಟ್ಟಿಯ ವಿಧಿ ಮರೆತುಹೋಯಿತು, ಆದರೆ ಆ ದಿನಗಳಲ್ಲಿ ಹುಳಿಯ ಗಡಿಗೆಯನ್ನು ಮುಟ್ಟಬಾರದೆಂಬುದೊಂದು ನಿಂತಿತು.

ಹಬ್ಬ ಯಾವ ದಿನವೆಂದು ಹೇಗೆ ತಿಳಿಯುತ್ತಿತ್ತು? ಅವರದೂ ಚಾಂದ್ರಮಾನ. ಸೂರ್ಯನ ಲೆಕ್ಕಕ್ಕೆ ಸರಿಹೊಂದಿಸಲು 19 ವರ್ಷಕ್ಕೆ 7 ಅಧಿಕ ಮಾಸ ಸೇರಿಸುತ್ತಾರೆ. ನಮ್ಮ ಪಂಚಾಂಗದ ಅಧಿಕ ಮಾಸದ ಲೆಕ್ಕವೂ ಹೆಚ್ಚು ಕಡಿಮೆ ಅಷ್ಟೇ ಬರುತ್ತದೆ. ಆದುದರಿಂದ ಊರಿನ ಪಂಚಾಂಗದ ತಿಥಿ ನೋಡಿಕೊಂಡು ನಡೆದವರೂ ಬಹಳ ದೂರ ತಪ್ಪುತ್ತಿರಲಿಲ್ಲ ಎಂಬುದು ನಮ್ಮ ಊಹೆ.

ಇವರು ಯಹೂದಿಗಳೇ ಎಂದು ಹೊರಗಿನವರಿಗೆ ಮನವರಿಕೆಯಾದ ಕಥೆಯಲ್ಲಿಯೂ ಅಡುಗೆಮನೆಯೇ ಮುಖ್ಯ. ದಾವಿದ್ ರಹಾಬಿ ಎಂಬ ಪ್ರವಾಸಿ ಬಂದು, ಹೆಂಗಸರ ಮುಂದೆ ಹಲವು ಜಾತಿಯ ಮೀನು ಇಟ್ಟು ಅಡುಗೆ ಮಾಡಿರೆಂದರಂತೆ. ಅವರು ಈಜುರೆಕ್ಕೆ ಮತ್ತು ಹುರುಪೆ ಎರಡೂ ಇರುವ ಮೀನನ್ನು ಮಾತ್ರ ತೆಗೆದುಕೊಂಡು ಉಳಿದದ್ದನ್ನು ಬೇರೆ ಇಟ್ಟರು. ಇದೇ ಮೋಶೆಯ ಶಾಸ್ತ್ರದ ನಿಯಮ. ನಮ್ಮ ಕರಾವಳಿಯ ಓದುಗರಿಗೆ ಹೇಳುವುದಾದರೆ, ಬಂಗುಡೆ, ಬೂತಾಯಿ ಆಗುತ್ತದೆ. ಸಿಗಡಿ, ಏಡಿ, ಮರುವಾಯಿ ಆಗದು. ರಹಾಬಿ ಮೂವರು ತರುಣರಿಗೆ ವಿದ್ಯೆ ಕಲಿಸಿ ‘ಕಾಜಿ’ಗಳನ್ನಾಗಿ ಮಾಡಿದರು. ಇವರು ಹದಿನೆಂಟನೆಯ ಶತಮಾನದಲ್ಲಿ ಕೊಚ್ಚಿಯಲ್ಲಿದ್ದ ದಾವಿದ್ ರಹಾಬಿಯೇ ಎಂದು ಕೆಲವರು, ಅದಕ್ಕೂ ಹಿಂದಿನವರೆಂದು ಕೆಲವರು ವಾದಿಸುತ್ತಾರೆ.

ಆಮೇಲೆ ಗ್ರಂಥಗಳು ಬಂದವು. ಸ್ಕಾಟ್ಲೆಂಡಿನ ಪಾದ್ರಿ ಜಾನ್ ವಿಲ್ಸನ್ ಅವರು 1832ರಲ್ಲಿ ಹೀಬ್ರೂ ವ್ಯಾಕರಣವನ್ನು ಮರಾಠಿಯಲ್ಲಿ ಬರೆದರು. ಮತಾಂತರದ ಆಸೆಯಿಂದ ಕಲಿಸಿದ್ದನ್ನು ಇವರು ತಮ್ಮ ಧರ್ಮವನ್ನು ಗಟ್ಟಿಮಾಡಿಕೊಳ್ಳಲು ಬಳಸಿದರು. ಪಾಸ್ಕದ ರಾತ್ರಿ ಓದುವ ಪುಸ್ತಕವು 1874ರಲ್ಲಿ ಪುಣೆಯಲ್ಲಿ ಮರಾಠಿ ಅನುವಾದದೊಡನೆ ಅಚ್ಚಾಯಿತು. ಅದರ ಚಿತ್ರದಲ್ಲಿ ರೊಟ್ಟಿ ಬೇಯಿಸುತ್ತಿರುವ ಹೆಂಗಸರು ಸೀರೆ ಉಟ್ಟಿದ್ದಾರೆ. 1875ರಲ್ಲಿ ಕೆಹೀಮ್‌ಕರರು ಸ್ಥಾಪಿಸಿದ ಶಾಲೆ ಮಜಗಾಂವಿನಲ್ಲಿ ಸರ್ ಎಲಿ ಕದೂರಿ ಶಾಲೆಯೆಂಬ ಹೆಸರಿನಿಂದ ಮುಂದುವರಿಯಿತು.

ಗ್ರಂಥಗಳ ಹಿಂದೆ ಪ್ರಶ್ನೆಗಳೂ ಬಂದವು. ಮಾಂಸವನ್ನು ಹಾಲಿನೊಡನೆ ಸೇರಿಸಬಾರದು. ಹಾಗಾದರೆ ಮಾಂಸದ ಸಾರಿಗೆ ಏನು ಹಾಕುವುದು? ಕೊಂಕಣದಲ್ಲಿ ಇದು ಪ್ರಶ್ನೆಯೇ ಅಲ್ಲ, ತೆಂಗಿನ ಹಾಲು ಇದೆ. ಹೊಸ ವರ್ಷದ ಹಲ್ವಕ್ಕೂ ಅದೇ ಹಾಲು. ಹಾಗಾಗಿ ಮಾಂಸದೂಟದ ಮೇಲೆ ಸಿಹಿ ತಿನ್ನಲು ಅಡ್ಡಿಯಿಲ್ಲ. ಶುಕ್ರವಾರ ರಾತ್ರಿಯ ಪ್ರಾರ್ಥನೆಗೆ ದ್ರಾಕ್ಷಾರಸ ಬೇಕು, ಅದು ಸಿಗದಲ್ಲಿ ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಹಾಕಿ ಹಿಂಡಿದ ಶರಬತ್ತು ನಡೆಯಿತು. ಮುಂಬಯಿಗೆ ಬಂದು ನೆಲಸಿದ ಬಾಗ್ದಾದಿನ ಯಹೂದಿಗಳು ಇಂಥ ಸಂದೇಹಗಳನ್ನು ಬಾಗ್ದಾದಿಗೆ ಬರೆದು ಕಳಿಸುತ್ತಿದ್ದರು. ಅಲ್ಲಿನ ಪಂಡಿತ ಯೋಸೆಫ್ ಹಯ್ಯಿಮ್ (1834-1909) ಹಿಂದೂಸ್ತಾನದಿಂದ ಬಂದ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಕೊಟ್ಟವರು. ಆಗಷ್ಟೇ ಬಂದಿದ್ದ ಸೈಕಲನ್ನು ಶನಿವಾರ ಹತ್ತಬಹುದೆ ಎಂಬ ಪ್ರಶ್ನೆಗೆ, ಶಾಸ್ತ್ರೋಕ್ತ ಆವರಣವಿರುವ ಊರೊಳಗೆ ಹತ್ತಬಹುದು ಎಂದರು. ಉಳಿದ ಪಂಡಿತರು ಒಪ್ಪಲಿಲ್ಲ. ಸೈಕಲ್ ಹತ್ತದಿರುವುದೇ ರೂಢಿಯಾಯಿತು.

ಆದರೆ ಶ್ರೀಮಂತ ಬಾಗ್ದಾದಿಗಳು ಕೊಂಕಣದವರನ್ನು ಪೂರ್ಣ ಯಹೂದಿಗಳೆಂದು ಒಪ್ಪಲು ಹಿಂಜರಿದರು. 1836ರಲ್ಲಿಯೇ ಸ್ಮಶಾನದಲ್ಲಿ ನಡುವೆ ಗೋಡೆ ಕಟ್ಟಿಸಿಕೊಡಬೇಕೆಂದು ಸರಕಾರಕ್ಕೆ ಅರ್ಜಿ ಹೋಯಿತು. ಬಾಗ್ದಾದಿಗಳಿಗೆ ಬೇರೆ ಮಂದಿರಗಳಾದವು: ಭಾಯಖಳಾದಲ್ಲಿ 1861ರದು, ಫೋರ್ಟಿನಲ್ಲಿ 1884ರದು.

ಈ ನಡುವೆ ಗಾಣಿಗರ ಮಕ್ಕಳು ಗಾಣ ಬಿಟ್ಟು ದಂಡಿಗೆ, ರೈಲ್ವೆಗೆ, ಅಂಚೆಗೆ, ಸರಕಾರಿ ಕಚೇರಿಗಳಿಗೆ ಸೇರಿದ್ದರು. ಇಲ್ಲಿ ನಮಗೆ ವಿಶೇಷವಾಗಿ ಮರುಕ ಹುಟ್ಟುತ್ತದೆ, ಏಕೆಂದರೆ ನಾವೂ ಲೇಖನಿಯಿಂದಲೇ ಹೊಟ್ಟೆ ಹೊರೆಯುವವರು. ಆ 39 ನಿಷಿದ್ಧ ಕೆಲಸಗಳಲ್ಲಿ ಬರೆಯುವುದೂ ಒಂದು. ಎರಡು ಅಕ್ಷರ ಬರೆದರೆ ಸಾಕು, ಕೆಲಸ ಮಾಡಿದಂತಾಯಿತು. ಸ್ವಂತ ಗಾಣವನ್ನು ಶನಿವಾರ ನಿಲ್ಲಿಸಬಹುದಿತ್ತು, ಸಾಹೇಬರ ಕಚೇರಿಯನ್ನು ನಿಲ್ಲಿಸುವುದು ಹೇಗೆ? ಪುಸ್ತಕವಿಲ್ಲದ ಹಳ್ಳಿಯಲ್ಲಿ ಅಷ್ಟು ಕಾಲ ಬಾಳಿದ ಶನಿವಾರ, ಪುಸ್ತಕಗಳೆಲ್ಲ ದೊರೆತ ಪಟ್ಟಣದಲ್ಲಿ ಸಡಿಲವಾಯಿತು. ಕೇಂದ್ರ ಸರಕಾರದ ಆಡಳಿತ ಕಚೇರಿಗಳಿಗೆ ಶನಿವಾರವೂ ರಜೆಯಾದದ್ದು 1985ರ ಜೂನ್‌ನಿಂದ. ಅಷ್ಟರಲ್ಲಿ ಆ ಗುಮಾಸ್ತರ ಪೈಕಿ ಬಹಳ ಮಂದಿ ಇಸ್ರೇಲಿಗೆ ಹೊರಟುಹೋಗಿದ್ದರು.

ಯಾರ ಕಿರುಕುಳಕ್ಕೂ ಹೆದರಿ ಹೋದವರಲ್ಲ ಇವರು. 1948ರಲ್ಲಿ ಇಸ್ರೇಲ್ ಹುಟ್ಟಿದ ಮೇಲೆ ತಮ್ಮ ಧರ್ಮದವರ ನಾಡೆಂದು ಹೋದರು. ಅಲ್ಲಿ ವಿವಾಹ, ವಿಚ್ಛೇದನ ಧರ್ಮಪಂಡಿತರ ಅಧೀನ. ಕೆಲವು ಪಂಡಿತರು ಬೆನೆ ಇಸ್ರಾಯೇಲರ ಮದುವೆ ನೋಂದಾಯಿಸಲು ಒಪ್ಪಲಿಲ್ಲ. ತಕರಾರು ಹೀಗಿತ್ತು. ಯಹೂದಿ ವಿಚ್ಛೇದನಕ್ಕೆ ‘ಗೆಟ್’ ಎಂಬ 12 ಸಾಲಿನ ಪತ್ರ ಬೇಕು. ಅದನ್ನು ಆ ಗಂಡ ಹೆಂಡತಿಗೆಂದೇ ಕೈಯಿಂದ ಬರೆಸಿ ಹೆಂಡತಿಯ ಕೈಗೆ ಕೊಡಬೇಕು. ಪಂಚರ ತೀರ್ಮಾನ ಸಾಲದು. ಆ ಪತ್ರವಿಲ್ಲದೆ ಮರುಮದುವೆಯಾದ ಹೆಣ್ಣಿನ ಮಕ್ಕಳೂ ಅವರ ಸಂತತಿಯೂ ಉಳಿದ ಯಹೂದಿಗಳನ್ನು ಮದುವೆಯಾಗುವಂತಿಲ್ಲ. ಕೊಂಕಣದ ಹಳ್ಳಿಯಲ್ಲಿ ಗೆಟ್ ಬರೆಯಬಲ್ಲವರು ಯಾರಿದ್ದರು? ಹಾಗಾದರೆ ಯಾವ ಕಾಲದಲ್ಲಿ ಯಾವ ಮನೆಯಲ್ಲಿ ದೋಷ ಸೇರಿರಬಹುದೋ ಎಂಬ ಶಂಕೆ. ನಮ್ಮಲ್ಲಿ ವಿಚ್ಛೇದನವೇ ಅಪರೂಪ, ವಿಧವೆಯರೂ ಹೆಚ್ಚಾಗಿ ಮರುಮದುವೆಯಾಗುತ್ತಿರಲಿಲ್ಲ, ದೋಷ ಬರುವುದೆಲ್ಲಿಂದ ಎಂದು ಇವರು ವಾದಿಸಿದರು. ಅಂದರೆ ನೆರೆಯ ಹಿಂದೂಗಳಿಂದ ಬಂದಿದ್ದ ಕಟ್ಟುಪಾಡೇ ಈಗ ಇವರ ಪರವಾದ ಸಾಕ್ಷಿಯಾಯಿತು!

1961ರ ಅಕ್ಟೋಬರಿನಲ್ಲಿ ಅಲ್ಲಿನ ಮುಖ್ಯ ಪಂಡಿತಮಂಡಲಿ ಇವರ ಮದುವೆಗೆ ಅಡ್ಡಿಯಿಲ್ಲವೆಂದು ತೀರ್ಮಾನಿಸಿತು. ಆದರೆ 1962ರಲ್ಲಿ ಮುಖ್ಯ ಪಂಡಿತ ಯಿತ್ಸಾಕ್ ನಿಸ್ಸಿಮ್ ಹೊರಡಿಸಿದ ಸುತ್ತೋಲೆ, ಮದುವೆಗೆ ಬಂದ ಬೆನೆ ಇಸ್ರಾಯೇಲರ ತಾಯಿ, ತಾಯಿಯ ತಾಯಿ, ಹೀಗೆ ಸಾಧ್ಯವಾದಷ್ಟು ಹಿಂದಿನವರೆಗೆ ವಿಚಾರಣೆ ಮಾಡಬೇಕೆಂದಿತು. ನಿಸ್ಸಿಮ್ ಅವರು ಹುಟ್ಟಿದ್ದು ಬಾಗ್ದಾದಿನಲ್ಲಿ. ಕಚೇರಿಯಲ್ಲಿ ದಿನವೂ ಸುತ್ತೋಲೆ ಓದುವ ನಮಗೆ ‘ಸಾಧ್ಯವಾದಷ್ಟು’ ಎಂಬ ಮಾತಿನ ತೂಕ ಗೊತ್ತು, ಅದಕ್ಕೆ ಕೊನೆಯಿಲ್ಲ. ಮದುವೆ ನಿಶ್ಚಯವಾದ ಹುಡುಗಿ ತನ್ನ ಮುತ್ತಜ್ಜಿಯ ಮದುವೆಗೆ ಸಾಕ್ಷಿಯನ್ನು ರೋಹೆಯಿಂದಲೋ ಪೇಣಿನಿಂದಲೋ ಹೇಗೆ ತಂದಾಳು?

1964ರ ಬೇಸಿಗೆಯಲ್ಲಿ ಇವರು ಜೆರೂಸಲೇಮಿನಲ್ಲಿ ಧರಣಿ ಕುಳಿತರು. ಆಗಸ್ಟ್ 17ರಂದು ಪಾರ್ಲಿಮೆಂಟು ವಿಶೇಷವಾಗಿ ಸೇರಿತು. ಪ್ರಧಾನಿ ಲೆವಿ ಎಶ್ಕೋಲ್ ಅವರ ಸರಕಾರ ಬೆನೆ ಇಸ್ರಾಯೇಲರು ಎಲ್ಲ ಬಗೆಯಲ್ಲಿಯೂ ಯಹೂದಿಗಳೇ ಎಂದು ಘೋಷಿಸಿತು. ಆ ಬಳಿಕ ಸುತ್ತೋಲೆಯಲ್ಲಿದ್ದ ಸಮಾಜದ ಹೆಸರನ್ನು ತೆಗೆದು, ವಂಶದ ಬಗ್ಗೆ ಸಂದೇಹವಿರುವ ಯಾರಿಗಾದರೂ ಎಂದು ತಿದ್ದಿದರು.

ಸ್ವಾತಂತ್ರ್ಯದ ಹೊತ್ತಿಗೆ ಇಪ್ಪತ್ತು ಸಾವಿರದಷ್ಟಿದ್ದ ಬೆನೆ ಇಸ್ರಾಯೇಲರಲ್ಲಿ ಈಗ ಇಲ್ಲಿ ಉಳಿದವರು ಕೆಲವೇ ಸಾವಿರ. ಮಹಾರಾಷ್ಟ್ರ ಸರಕಾರ 2016ರಲ್ಲಿ ಯಹೂದಿಗಳಿಗೆ ಅಲ್ಪಸಂಖ್ಯಾತರ ಸ್ಥಾನ ಕೊಟ್ಟಿತು. ಈಗಿನ ತೊಡಕು ಇನ್ನೊಂದು. ಸಾಮೂಹಿಕ ಪ್ರಾರ್ಥನೆಗೆ ವಯಸ್ಕ ಗಂಡಸರು ಹತ್ತು ಮಂದಿ ಕೂಡಬೇಕು. ಒಂಬತ್ತಾದರೆ ಕೆಲವು ಭಾಗಗಳನ್ನು ಹೇಳುವಂತಿಲ್ಲ, ಪೆಟ್ಟಿಗೆಯಿಂದ ತೋರಾ ಸುರುಳಿ ತೆಗೆದು ಓದುವಂತಿಲ್ಲ.

ನಮ್ಮ ಕಚೇರಿಯಲ್ಲಿ ಈ ಸಮಾಜದವರೊಬ್ಬರು ನಿವೃತ್ತರಾಗುವವರೆಗೆ ನಮ್ಮ ಪಕ್ಕದ ಮೇಜಿನಲ್ಲಿದ್ದರು. ಮಗನಿಗೆ ಕೆಲಸ ಸಿಕ್ಕಾಗ ಪ್ರವಾದಿ ಎಲಿಯಾನ ಹೆಸರಿನಲ್ಲಿ ‘ಮಲೀದಾ’ ಮಾಡಿದ್ದೇವೆ ಎಂದು ನಮ್ಮನ್ನು ಸಂಸಾರ ಸಮೇತ ಕರೆದರು. ಬಾಗಿಲ ಬಲಗಡೆಯ ತೋಳಿನಲ್ಲಿ ಧರ್ಮವಾಕ್ಯ ಬರೆದ ಚರ್ಮಪತ್ರದ ಚಿಕ್ಕ ಕರಂಡಕವನ್ನು ಮುಟ್ಟಿ ಒಳಗೆ ಹೋದರು. ಹಾಡು ಮುಗಿದ ಮೇಲೆ ತಟ್ಟೆ ಬಂತು: ಬೆಲ್ಲ, ಕಾಯಿತುರಿ ಕಲಸಿದ ಅವಲಕ್ಕಿ, ಸುತ್ತ ಹಣ್ಣು. ಇದು ನಮ್ಮ ಗೋಕುಲಾಷ್ಟಮಿಯ ಅವಲಕ್ಕಿಯಲ್ಲವೆ ಎಂದು ನಮ್ಮ ಮನೆಯವರು ಅವರ ತಾಯಿಯನ್ನು ಕೇಳಿದರು. ಆ ಮುದುಕಿ ಮರಾಠಿಯಲ್ಲಿ, ಇದು ನಮ್ಮ ಅಜ್ಜಿ ಮಾಡುತ್ತಿದ್ದ ರೀತಿ ತಾಯಿ, ಇನ್ನು ಸ್ವಲ್ಪ ಬಡಿಸಲೇ, ಎಂದು ಪಾತ್ರೆ ತಂದರು.