ಪುರ ಗ್ರಾಮದ ಗೋಮಯಾನಿಲ ಯಂತ್ರ

1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಡೀಸೆಲ್ ಯಂತ್ರವೊಂದು ಕಡಲೆಕಾಯಿ ಎಣ್ಣೆಯಿಂದ ನಡೆಯಿತೆಂಬುದು ಬಹುಜನರು ಬಲ್ಲ ಸಂಗತಿ. ಆದರೆ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರವೆಂಬ ಪುಟ್ಟ ಗ್ರಾಮದಲ್ಲಿ ಅದೇ ಜಾತಿಯ ಯಂತ್ರವು ಸಗಣಿಯ ಅನಿಲವನ್ನುಂಡು ಊರಿಗೆ ನೀರನ್ನೂ ಬೆಳಕನ್ನೂ ಒದಗಿಸಿದ ವೃತ್ತಾಂತವು ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಹಿರಿದಾದುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು ಕಟ್ಟಿ ಬೆಳೆಸಿದ ‘ಅಸ್ತ್ರ’ ಬಳಗವು, ಮೊದಲು ಮನೆಮನೆಗೂ ಅಡುಗೆಯ ಅನಿಲವನ್ನೀಯಲು ಎಳಸಿ, ಊರ ದನಗಳ ಸಗಣಿ ಅದಕ್ಕೆ ಸಾಲದೆಂದು ಕಂಡುಕೊಂಡು, 1987ರಲ್ಲಿ ಆ ಅನಿಲವನ್ನು ಡೀಸೆಲ್ ಎಂಜಿನ್ನಿನತ್ತ ತಿರುಗಿಸಿತು. ಸಂಪೀಡನದ ಬಿಸಿಯೊಂದರಿಂದಲೇ ಈ ಅನಿಲವು ಹೊತ್ತಿಕೊಳ್ಳಲಾರದಾದುದರಿಂದ, ಅದನ್ನು ಗಾಳಿಯೊಡನೆ ಸಿಲಿಂಡರಿನೊಳಕ್ಕೆ ಸೆಳೆದು, ತುಸುವೇ ಡೀಸೆಲನ್ನು ಚಿಮ್ಮಿಸಿ ಕಿಡಿಯ ಕೆಲಸವನ್ನು ಅದರಿಂದ ಮಾಡಿಸುವ ದ್ವಿ-ಇಂಧನ ಕ್ರಮವನ್ನು ಅಲ್ಲಿ ಅನುಸರಿಸಿದರು. ಡೀಸೆಲ್ಲಿನ ಬಹುಭಾಗವು ಉಳಿಯಿತು. ಯಂತ್ರದ ಸಾಮರ್ಥ್ಯ ಕೇವಲ 5 ಕಿಲೋವ್ಯಾಟ್. ಅಷ್ಟರಿಂದಲೇ ಕೊಳವೆಬಾವಿಯ ನೀರು ನಲ್ಲಿಗಳಿಗೆ ಹರಿಯಿತು, ಮನೆಗಳಲ್ಲಿ ಟ್ಯೂಬ್‌ಲೈಟುಗಳು ಬೆಳಗಿದವು. ದೊಡ್ಡ ಯಂತ್ರಾಗಾರಗಳ ಚರಿತ್ರೆಯನ್ನು ಬರೆಯುವವರು ಈ ಪುಟ್ಟ ಎಂಜಿನ್ನನ್ನು ಮರೆಯಬಾರದು. ಅನಿಲವನ್ನು ಕಳೆದ ಬಗ್ಗಡವಾದರೋ, ಸಗಣಿಯನ್ನು ತಂದ ಮನೆಗಳಿಗೇ ಮರಳಿ, ಸಾರವಳಿಯದ ಗೊಬ್ಬರವಾಗಿ ಹೊಲಗಳನ್ನು ಸೇರಿತು.