ಎಸ್‌ಇಲಿನಕ್ಸ್: ಹಿನ್ನೆಲೆ ಸೇವೆಗಳ ಕಡ್ಡಾಯ ಪ್ರವೇಶ ನಿಯಂತ್ರಣ

ಎಸ್‌ಇಲಿನಕ್ಸ್ ಎಂಬುದು ಲಿನಕ್ಸ್ ಗಣಕದ ಯಾವ ಪ್ರಕ್ರಿಯೆ ಯಾವ ಕಡತ, ಪೋರ್ಟ್ ಮತ್ತು ಸಾಧನಗಳನ್ನು ಬಳಸಬಹುದೆಂದು ಕರ್ನಲ್‌ನಲ್ಲೇ ನಿರ್ಧರಿಸುವ ಭದ್ರತಾ ವ್ಯವಸ್ಥೆ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಇದನ್ನು 2000ದ ಡಿಸೆಂಬರ್‌ನಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿತು. 2003ರಲ್ಲಿ ಇದು ಲಿನಕ್ಸ್ ಕರ್ನಲ್‌ನ 2.6 ಆವೃತ್ತಿಯಲ್ಲಿ ಸೇರಿತು. ಇಂದು ಫೆಡೋರಾ ಮತ್ತು ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ಗಳನ್ನು ಸ್ಥಾಪಿಸಿದಾಗಲೇ ಇದು ಜಾರಿಯಲ್ಲಿರುತ್ತದೆ.

ಅಗತ್ಯ

ಯುನಿಕ್ಸ್‌ನ ಸಾಂಪ್ರದಾಯಿಕ ಕ್ರಮದಲ್ಲಿ ಕಡತದ ಅನುಮತಿಗಳನ್ನು ಅದರ ಒಡೆಯನೇ ಬದಲಿಸಬಹುದು. ರೂಟ್ ಬಳಕೆದಾರನಿಗಂತೂ ಬಹುತೇಕ ತಡೆಯೇ ಇಲ್ಲ. ರೂಟ್ ಅಧಿಕಾರದಲ್ಲಿ ನಡೆಯುವ ಸೇವೆಯೊಂದರ ದೋಷ ದಾಳಿಕೋರನ ಕೈಗೆ ಸಿಕ್ಕರೆ ಇಡೀ ಗಣಕವೇ ಅವನ ವಶವಾಗುತ್ತದೆ. ಎಸ್‌ಇಲಿನಕ್ಸ್‌ನ ಕಡ್ಡಾಯ ನಿಯಂತ್ರಣದಲ್ಲಿ ರೂಟ್ ಕೂಡ ‘ನೀತಿ’ ಎಂಬ ನಿಯಮಗಳ ಗುಂಪಿಗೆ ಅಧೀನ. ನೀತಿ ಅನುಮತಿಸದ್ದೆಲ್ಲವೂ ನಿಷಿದ್ಧ.

ಕೆಲಸ ಮಾಡುವ ಬಗೆ

ಪ್ರತಿ ಪ್ರಕ್ರಿಯೆಗೂ ಕಡತಕ್ಕೂ ಬಳಕೆದಾರ, ಪಾತ್ರ, ಟೈಪ್, ಸ್ತರ ಎಂಬ ನಾಲ್ಕು ಭಾಗಗಳ ಲೇಬಲ್ ಇರುತ್ತದೆ. ಇವುಗಳಲ್ಲಿ ಟೈಪ್ ಮುಖ್ಯ. ಅಪಾಚೆ ವೆಬ್ ಸರ್ವರ್‌ನ ಕಾರ್ಯಕಡತದ ಟೈಪ್ ಎಚ್‌ಟಿಟಿಪಿಡಿ_ಎಕ್ಸೆಕ್_ಟಿ. ಸೇವೆಗಳನ್ನು ಶುರುಮಾಡುವ ಸಿಸ್ಟಮ್‌ಡಿ ಅದನ್ನು ಚಾಲನೆಗೊಳಿಸಿದೊಡನೆ ಹುಟ್ಟುವ ಪ್ರಕ್ರಿಯೆ ಎಚ್‌ಟಿಟಿಪಿಡಿ_ಟಿ ಎಂಬ ವಲಯಕ್ಕೆ ಸೇರುತ್ತದೆ. ಆ ವಲಯ ಜಾಲಪುಟಗಳ ಕಡತಗಳನ್ನು ಓದಬಲ್ಲದು. ಪಾಸ್‌ವರ್ಡ್‌ಗಳಿರುವ ಶ್ಯಾಡೋ ಕಡತವನ್ನು ಓದಲಾರದು.

ಹೊಂದಿಸುವ ಕ್ರಮ

ತಡೆಯಾದ ಪ್ರಯತ್ನಗಳು ಸಾಮಾನ್ಯವಾಗಿ ಆಡಿಟ್ ದಾಖಲೆಯಲ್ಲಿ ‘ಎವಿಸಿ’ ಸಂದೇಶಗಳಾಗಿ ಉಳಿಯುತ್ತವೆ. ಆಸರ್ಚ್ ಆದೇಶದಿಂದ ಅವನ್ನು ಓದಿ, ಕಾರಣ ತಿಳಿದ ಮೇಲೆಯೇ ಪರಿಹಾರಕ್ಕೆ ಕೈಹಾಕಬೇಕು.

ಮೊದಲು ನೋಡಬೇಕಾದದ್ದು ಲೇಬಲ್. ಮನೆಕೋಶದಿಂದ ಎಂವಿ ಆದೇಶದ ಮೂಲಕ ತಂದ ಕಡತ ಹಳೆಯ ಲೇಬಲನ್ನೇ ಉಳಿಸಿಕೊಂಡಿರುತ್ತದೆ. ರಿಸ್ಟೋರ್‌ಕಾನ್ ಅದನ್ನು ಸರಿಪಡಿಸುತ್ತದೆ. ಜಾಲಪುಟಗಳನ್ನು ಹೊಸ ಕೋಶದಲ್ಲಿ ಇಡುವುದಾದರೆ ಆ ಕೋಶದ ಟೈಪನ್ನು ಸೆಮ್ಯಾನೇಜ್ ಎಫ್‌ಕಾಂಟೆಕ್ಸ್ಟ್ ಮೂಲಕ ನೀತಿಯಲ್ಲಿ ನಮೂದಿಸಿ, ಅನಂತರ ರಿಸ್ಟೋರ್‌ಕಾನ್ ನಡೆಸಬೇಕು. ಸಿಎಚ್‌ಕಾನ್‌ನಿಂದ ಮಾಡಿದ ಬದಲಾವಣೆ ಮರುಲೇಬಲ್ ಮಾಡಿದಾಗ ಅಳಿಸಿಹೋಗುತ್ತದೆ.

ಎರಡನೆಯದು ಪೋರ್ಟ್. 80, 443ರಂಥವು ವೆಬ್ ಸರ್ವರ್‌ಗೆ ಮೊದಲೇ ಮೀಸಲಾಗಿವೆ. ಪಟ್ಟಿಯಲ್ಲಿಲ್ಲದ ಪೋರ್ಟನ್ನು ಸೆಮ್ಯಾನೇಜ್ ಪೋರ್ಟ್‌ನಿಂದ ಸೇರಿಸಬೇಕು. ಮೂರನೆಯದು ಬೂಲಿಯನ್ ಎಂಬ ಸಿದ್ಧ ಸ್ವಿಚ್‌ಗಳು. ವೆಬ್ ಸರ್ವರ್ ತಾನಾಗಿ ಹೊರಗಿನ ಜಾಲಕ್ಕೆ ಸಂಪರ್ಕಿಸುವ ಅನುಮತಿ ಇಂಥದ್ದೊಂದು. ಅದು ಮೊದಲಿಗೆ ಮುಚ್ಚಿರುತ್ತದೆ. ಸೆಟ್‌ಸೆಬೂಲ್ ಆದೇಶಕ್ಕೆ ‘-ಪಿ’ ಸೇರಿಸಿದರೆ ಬದಲಾವಣೆ ಗಣಕ ಮತ್ತೆ ಶುರುವಾದರೂ ಉಳಿಯುತ್ತದೆ.

ಈ ಮೂರೂ ಸಾಲದಾದಾಗ ಮಾತ್ರ ಹೊಸ ನೀತಿ ಮಾಡ್ಯೂಲ್ ಬರೆಯಬೇಕು. ಸ್ವಂತವಾಗಿ ರೂಪಿಸಿದ ಸೇವೆಗೆ ಸೆಪಾಲಿಸಿ ಜನರೇಟ್ ಆದೇಶ ಕರಡು ಕಡತಗಳನ್ನು ಸಿದ್ಧಪಡಿಸಿಕೊಡುತ್ತದೆ: ಒಂದರಲ್ಲಿ ನಿಯಮಗಳು, ಇನ್ನೊಂದರಲ್ಲಿ ಕಡತಗಳ ಲೇಬಲ್‌ಗಳು, ಮತ್ತೊಂದರಲ್ಲಿ ಇತರ ಮಾಡ್ಯೂಲ್‌ಗಳಿಗೆ ಬೇಕಾದ ಸಂಪರ್ಕಸೂತ್ರ. ಪರೀಕ್ಷೆಯ ಅವಧಿಯಲ್ಲಿ ಆ ಸೇವೆಯ ವಲಯವೊಂದನ್ನೇ ಪರ್ಮಿಸಿವ್ ಸ್ಥಿತಿಯಲ್ಲಿಟ್ಟರೆ ಉಲ್ಲಂಘನೆಗಳು ದಾಖಲಾಗುತ್ತವೆ, ಆದರೆ ಕೆಲಸ ನಿಲ್ಲುವುದಿಲ್ಲ. ಆಡಿಟ್2ಅಲೋ ಈ ದಾಖಲೆಗಳಿಂದ ನಿಯಮಗಳನ್ನು ಸೂಚಿಸುತ್ತದೆ. ಪ್ರತಿ ನಿಯಮವನ್ನೂ ಓದಿ, ಸೇವೆಗೆ ನಿಜವಾಗಿ ಬೇಕಾದದ್ದನ್ನಷ್ಟೇ ಉಳಿಸಿಕೊಳ್ಳಬೇಕು. ಕಣ್ಣುಮುಚ್ಚಿ ಒಪ್ಪಿದರೆ ದಾಳಿಕೋರನ ಪ್ರಯತ್ನವೂ ಅನುಮತಿಯಾದೀತು.

ಎಚ್ಚರಿಕೆ

ಸೇವೆಯೊಂದು ನಡೆಯಲಿಲ್ಲವೆಂದು ಸೆಟ್‌ಎನ್‌ಫೋರ್ಸ್ 0 ಎಂದು ಇಡೀ ವ್ಯವಸ್ಥೆಯನ್ನು ಸಡಿಲಿಸುವುದು ತಪ್ಪು ಅಭ್ಯಾಸ. ಒಂದು ಕಡತದ ಲೇಬಲ್ ಸರಿಪಡಿಸಿದರೆ ಮುಗಿಯುವ ತೊಂದರೆಗಾಗಿ ಗಣಕದ ಎಲ್ಲ ಸೇವೆಗಳ ರಕ್ಷಣೆಯನ್ನೂ ಕೈಬಿಟ್ಟಂತಾಗುತ್ತದೆ.