ಹ್ಯಾಂಡಲ್ ಹೋಗಿ ಬ್ಯಾಟರಿ ಬಂದದ್ದು

ಮೊನ್ನೆ ಬೆಳಗಿನ ಜಾವ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಕೀಲಿ ತಿರುಗಿಸಿದರೆ ಕಾರು ‘ಟಿಕ್ ಟಿಕ್’ ಎಂದು ಸುಮ್ಮನಾಯಿತು. ಬ್ಯಾಟರಿ ಸತ್ತಿತ್ತು.

“ಅಪ್ಪನ ಅಂಬಾಸಿಡರ್ ಆಗಿದ್ದರೆ ಹ್ಯಾಂಡಲ್ ಹೊಡೆಯಬಹುದಿತ್ತು ಕಣೋ” ಎಂದಳು ಅಮ್ಮ.

ನಿಜ. ಆದರೆ ಆ ಹ್ಯಾಂಡಲ್ ಒಮ್ಮೊಮ್ಮೆ ಹಿಮ್ಮುಖವಾಗಿ ಒದ್ದು ಕೈಮೂಳೆ ಮುರಿಯುತ್ತಿತ್ತು. ಆ ಕಾಟ ತಪ್ಪಿಸಲು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ ಸ್ಟಾರ್ಟರ್ ರೂಪಿಸಿದ. 1912ರ ಕ್ಯಾಡಿಲಾಕ್ ಕಾರಿಗೆ ಅದು ಬಂತು. ಅಂಥ ಸ್ಟಾರ್ಟರ್‌ಗೆ ಬಲ ಕೊಟ್ಟದ್ದು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲೇ ಕಂಡುಹಿಡಿದಿದ್ದ ಸೀಸ-ಆಮ್ಲದ ಬ್ಯಾಟರಿ. ತೋಳ್ಬಲ ಇಲ್ಲದವರೂ ಕಾರು ಹೊರಡಿಸುವಂತಾಯಿತು. ಹ್ಯಾಂಡಲ್ ಕ್ರಮೇಣ ಮಾಯವಾಯಿತು.

ಪಕ್ಕದ ಮನೆಯವರು ನಿದ್ದೆಗಣ್ಣಿನಲ್ಲೇ ಬಂದು ತಮ್ಮ ಕಾರಿನಿಂದ ಕೇಬಲ್ ಜೋಡಿಸಿದರು. ಎಂಜಿನ್ ಎದ್ದಿತು. ದಾರಿಯಲ್ಲಿ ಅಮ್ಮ ಮೆಲ್ಲಗೆ ಹೇಳಿದಳು: “ಅಪ್ಪನ ಬಲ ಮಣಿಕಟ್ಟು ಸೊಟ್ಟಗಾದದ್ದು ಆ ಹ್ಯಾಂಡಲ್‌ನಿಂದಲೇ.”